ಸ್ಕೌಟ್ ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಬ್ಬ ತಾಯಿ):
ಕನ್ನಡ ಮಾಧ್ಯಮದಲ್ಲಿ ಐದನೇ ತರಗತಿ ಓದುತ್ತಿರುವ ನನ್ನ ಮಗ ಸ್ಕೌಟ್ ದಳಕ್ಕೆ ಸೇರಿದ್ದಾನೆ. ಸೂಚನೆಗಳೆಲ್ಲ ಮಲಯಾಳದಲ್ಲಿರುವುದರಿಂದ ಹಿಂಜರಿಯುತ್ತಾನೆ. ಮೊದಲು ಏನನ್ನು ಕಲಿಸಲಿ?

ಉತ್ತರ (ನಿವೃತ್ತ ಸ್ಕೌಟ್ ಅಧ್ಯಾಪಕ, ಕುಂಬಳೆ):
ಪ್ರತಿಜ್ಞೆ, ನಿಯಮ, ಧ್ಯೇಯವಾಕ್ಯ, ವಂದನೆ ಮತ್ತು ಎಡಗೈ ಹಸ್ತಲಾಘವ ಇವುಗಳಿಂದ ಆರಂಭಿಸಿರಮ್ಮ; ಪ್ರತಿಜ್ಞೆಯ ಅರ್ಥವನ್ನು ಮಾತ್ರ ಅವನಿಗೆ ಕನ್ನಡದಲ್ಲಿಯೇ ತಿಳಿಸಿ. ಪ್ರವೇಶದ ಅನಂತರ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳೆಂಬ ಕಲಿಕೆಯ ಹಂತಗಳನ್ನು ದಾಟಿ ರಾಜ್ಯ ಪುರಸ್ಕಾರವನ್ನು ತಲುಪಲು ವರ್ಷಗಳೇ ಬೇಕಾಗುವುದರಿಂದ ಅವಸರ ಬೇಡ.

ಉತ್ತರ (ಹಿಂದೆ ಗೈಡ್ ಆಗಿದ್ದವಳು, ಮಂಜೇಶ್ವರ):
ಗಂಟುಗಳನ್ನು ಮನೆಯಲ್ಲಿಯೇ ಕಲಿಸಬಹುದು, ಅಕ್ಕ. ಎರಡು ತುದಿಗಳನ್ನು ಸೇರಿಸಿ ಕಟ್ಟುವ ರೀಫ್ ಗಂಟಿನಲ್ಲಿ ಬಲತುದಿ ಎಡದ ಮೇಲೆ, ಮತ್ತೆ ಎಡತುದಿ ಬಲದ ಮೇಲೆ ಬರಬೇಕು. ಎರಡು ಸಲವೂ ಒಂದೇ ಬದಿಗೆ ಸುತ್ತಿದರೆ ಅದು ಜಾರುತ್ತದೆ. ಬಾವಿಯ ದಪ್ಪ ಹಗ್ಗಕ್ಕೆ ತೆಳ್ಳನೆಯ ಹುರಿಯನ್ನು ಸೇರಿಸುವುದಾದರೆ ಶೀಟ್ ಬೆಂಡ್ ಎಂಬ ಗಂಟು ಬೇಕು.

ಪ್ರಶ್ನೆ ಕೇಳಿದವರು:
ಹಿತ್ತಿಲಿನ ಕಂಗಿನ ಬುಡದಲ್ಲಿ ಇಂದೇ ಹುರಿಹಗ್ಗ ಹಿಡಿದು ಕುಳಿತಿದ್ದೇವೆ. ಇಬ್ಬರಿಗೂ ಧನ್ಯವಾದಗಳು.