ಭತ್ತದ ಬೆಂಕಿ ರೋಗ: ಪೈರಿಕ್ಯುಲೇರಿಯಾ ಬರೀಲಾ, ಮ್ಯಾಗ್ನಾಪೋರ್ತೆ ಬರೀಲಾ?

ಅಗ್ರಿ_ಹುಡುಗ:
ಪ್ಲಾಂಟ್ ಪ್ಯಾಥಾಲಜಿ ಓದ್ತಾ ತಲೆ ಕೆಟ್ಟೋಗಿದೆ. ಬೆಂಕಿ ರೋಗ ತರೋ ಶಿಲೀಂಧ್ರಕ್ಕೆ (ಫಂಗಸ್) ಸೀನಿಯರ್ ನೋಟ್ಸಲ್ಲಿ ಪೈರಿಕ್ಯುಲೇರಿಯಾ ಒರೈಜೆ, ಟೆಕ್ಸ್ಟ್‌ಬುಕ್ಕಲ್ಲಿ ಮ್ಯಾಗ್ನಾಪೋರ್ತೆ ಗ್ರಿಸಿಯಾ, ಪೇಪರ್‌ಗಳಲ್ಲಿ ಮ್ಯಾಗ್ನಾಪೋರ್ತೆ ಒರೈಜೆ, ಈಗ ಡೇಟಾಬೇಸ್ ತೆಗೆದ್ರೆ ತಿರ್ಗಾ ಪೈರಿಕ್ಯುಲೇರಿಯಾ. ಒಂದೇ ಶಿಲೀಂಧ್ರಕ್ಕೆ ಲೈಂಗಿಕ, ಅಲೈಂಗಿಕ ಅಂತ ಎರಡು ರೂಪ ಇದ್ರೆ ಲೈಂಗಿಕ ರೂಪದ ಹೆಸರಿಗೇ ಮೊದಲ ಮರ್ಯಾದೆ ಅಂತ ಮೇಷ್ಟ್ರು ಹೇಳಿದ್ರು, ಹಾಗಿದ್ರೆ ಮ್ಯಾಗ್ನಾಪೋರ್ತೆನೇ ಉಳೀಬೇಕಿತ್ತಲ್ವಾ? ಪರೀಕ್ಷೇಲಿ ಯಾವ್ದು ಬರೀಲಿ?

ಬೂಷ್ಟು_ಭಟ್ರು:
ಮೇಷ್ಟ್ರು ಹೇಳಿದ್ದು ಹಳೇ ರೂಲು ಕಣಪ್ಪಾ. ಚುಕ್ಕೆ ಬಿದ್ದಿರೋ ಎಲೆ ಕಿತ್ತು ಪೆಟ್ರಿ ಡಿಶ್ಶಲ್ಲಿ ಒದ್ದೆ ಫಿಲ್ಟರ್ ಪೇಪರ್ ಮೇಲೆ ಒಂದು ರಾತ್ರಿ ಇಡು, ಬೆಳಿಗ್ಗೆ ಚುಕ್ಕೆ ಮೇಲೆ ಬೂದು ಬಣ್ಣದ ನವಿರು ಬೂಷ್ಟು ಎದ್ದಿರತ್ತೆ, ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಪೇರ್ ಹಣ್ಣಿನಾಕಾರದ, ಎರಡು ಅಡ್ಡಗೋಡೆ ಇರೋ ಕೊನಿಡಿಯಾ, ಅಂದ್ರೆ ಅಲೈಂಗಿಕ ಬೀಜಾಣು. ಇದು ಅಲೈಂಗಿಕ ರೂಪ, 1892ರಲ್ಲಿ ಕವಾರ ಅನ್ನೋ ವಿಜ್ಞಾನಿ ಇದಕ್ಕೇ ಪೈರಿಕ್ಯುಲೇರಿಯಾ ಒರೈಜೆ ಅಂದಿದ್ದು. ಲೈಂಗಿಕ ರೂಪ ಗದ್ದೇಲಿ ಹುಡುಕಿದ್ರೆ ಸಿಗಲ್ಲ, ಒಂದಕ್ಕೊಂದು ಕೂಡಬಲ್ಲ ಎರಡು ಬಗೆ (ಮೇಟಿಂಗ್ ಟೈಪ್) ಸೇರಿಸಿ ಲ್ಯಾಬಲ್ಲಿ ಬೆಳೆಸ್ಬೇಕು. 1971ರಲ್ಲಿ ಹೆಬರ್ಟ್ ಅನ್ನೋರು ಹುಲ್ಲಿನ ಮೇಲಿನ ಪೈರಿಕ್ಯುಲೇರಿಯಾದಿಂದ ಅದನ್ನ ಪಡೆದ್ರು, ರೂಪ ಬೇರೆ ಅಂತ ಹೆಸರೂ ಬೇರೆ ಬಂತು, ಅದೇ ಆಮೇಲೆ ಮ್ಯಾಗ್ನಾಪೋರ್ತೆ ಗ್ರಿಸಿಯಾ ಆಯ್ತು. ಡಿಎನ್‌ಎ ಇಲ್ಲದ ಕಾಲದಲ್ಲಿ ಯಾವ ಬೂಷ್ಟು ಯಾವುದರ ಇನ್ನೊಂದು ರೂಪ ಅಂತ ಗೊತ್ತಾಗ್ತಿರಲಿಲ್ಲ, ಅದಕ್ಕೆ ಎರಡೆರಡು ಹೆಸರಿಗೆ 1910ರಿಂದ ಹೆಸರಿಡೋ ನಿಯಮದಲ್ಲೇ ಜಾಗ ಇತ್ತು. 2011ರಲ್ಲಿ ಸಸ್ಯವಿಜ್ಞಾನಿಗಳ ಮೆಲ್ಬರ್ನ್ ಸಮ್ಮೇಳನದಲ್ಲಿ ಅದನ್ನ ತೆಗೆದುಹಾಕಿದ್ರು. 2013ರ ಜನವರಿ 1ರಿಂದ ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು, ಲೈಂಗಿಕ ರೂಪ ಅಂತ ಸ್ಪೆಷಲ್ ಮರ್ಯಾದೆ ಏನೂ ಇಲ್ಲ.

ಹರ್ಬೇರಿಯಂ_ಹುಳ:
ಭಟ್ರೇ, ಮಜಾ ಇರೋದು ಇದರ ಮುಂದೆ. ಮ್ಯಾಗ್ನಾಪೋರ್ತೆ ಅನ್ನೋ ಕುಲವನ್ನ (ಜೀನಸ್) 1972ರಲ್ಲಿ ಕಟ್ಟಿದ್ದೇ ಬೆಂಕಿ ರೋಗಕ್ಕಲ್ಲ, ಭತ್ತದ ಕಾಂಡ ಕೊಳೆ ರೋಗದ ಶಿಲೀಂಧ್ರಕ್ಕೆ! ಅದಕ್ಕಂತೂ ಮೂರು ರೂಪ, ಮೂರು ಹೆಸರು. ಕೊಳೆತ ದಂಟು ಸೀಳಿದ್ರೆ ಒಳಗೆ ಕಪ್ಪು ಕಾಳುಕಾಳು ಕಾಣತ್ತಲ್ಲ, ಅದು ಸ್ಕ್ಲೆರೋಷಿಯಂ ಒರೈಜೆ, ಕೊನಿಡಿಯಾ ಬಿಟ್ಟಾಗ ನಕಟೇಯಾ, ಲೈಂಗಿಕ ರೂಪ ಮ್ಯಾಗ್ನಾಪೋರ್ತೆ ಸಾಲ್ವಿನಿ. ಈಗ ಮೂರಕ್ಕೂ ಸೇರಿ ನಕಟೇಯಾ ಒರೈಜೆ. ಡಿಎನ್‌ಎ ನೋಡಿದಾಗ ಬೆಂಕಿ ರೋಗದ್ದು ಇದರ ಕುಲದ್ದೇ ಅಲ್ಲ ಅಂತ ಗೊತ್ತಾಯ್ತು, ಅಲ್ಲಿಗೆ ಅದಕ್ಕೆ ಮ್ಯಾಗ್ನಾಪೋರ್ತೆ ಅನ್ನೋ ಹಕ್ಕೇ ಹೋಯ್ತು. ಅಷ್ಟೊಂದು ಪೇಪರ್ ಬಂದಿವೆ, ಅದೇ ಹೆಸರು ಉಳಿಸ್ಕೊಳ್ಳೋಣ ಅಂದೋರೂ ಇದ್ರು, ಕೊನೆಗೆ 2016ರಲ್ಲಿ ತಜ್ಞರ ತಂಡ ಪೈರಿಕ್ಯುಲೇರಿಯಾನೇ ಇರ್ಲಿ ಅಂತು. ನನ್ ಪ್ರಕಾರ ಸರಿಯಾಗೇ ಮಾಡಿದ್ರು, ಗದ್ದೇಲಿ ಕಾಣೋ ರೂಪದ ಹೆಸರದು. ಇನ್ನು ಗ್ರಿಸಿಯಾ-ಒರೈಜೆ ಗಲಾಟೆಗೂ ರೂಪಗಳಿಗೂ ಸಂಬಂಧ ಇಲ್ಲ, ಅವೆರಡು ನಿಜಕ್ಕೂ ಬೇರೆ ಪ್ರಭೇದ ಅಂತ 2002ರಲ್ಲಿ ಬೇರ್ಪಡಿಸಿದ್ರು, ಭತ್ತದ್ದು ಒರೈಜೆ.

ಗದ್ದೆ_ಗೌಡ:
ಹೆಸರು ಏನಾದ್ರೂ ಇಟ್ಕೊಳ್ಳಿ ಸ್ವಾಮಿ, ರೋಗ ತೆನೆ ಬುಡದ ಕುತ್ತಿಗೆಗೆ ಬಂದ್ರೆ ತೆನೆ ಜೊಳ್ಳು, ಟ್ರೈಸೈಕ್ಲಜೋಲ್ ಔಷಧಿ ಹೊಡೆಯೋದು ತಪ್ಪಲ್ಲ. ನಾವು ಗೊಬ್ಬರಕ್ಕೆ ಕಲಸೋ ಟ್ರೈಕೋಡರ್ಮಾ ಅನ್ನೋ ಶಿಲೀಂಧ್ರಕ್ಕೂ ಹೆಸರು ಬದಲಾಯಿಸಿದಾರಾ?

ಬೂಷ್ಟು_ಭಟ್ರು:
ಇಲ್ಲ ಗೌಡ್ರೇ, ಅದು ಗಟ್ಟಿ. ಅದರ ಲೈಂಗಿಕ ರೂಪಕ್ಕೆ ಹೈಪೋಕ್ರಿಯಾ ಅಂತಿತ್ತು, ಅದನ್ನೇ ಬಿಟ್ಟು ಟ್ರೈಕೋಡರ್ಮಾ ಇಟ್ಕೊಂಡ್ರು, ಪ್ಯಾಕೆಟ್ ಮೇಲಿನ ಹೆಸರು ಹಾಗೇ ಇರತ್ತೆ.

ಹುಡುಗಾ, ಪರೀಕ್ಷೇಲಿ ಪೈರಿಕ್ಯುಲೇರಿಯಾ ಒರೈಜೆ ಬರ್ದು ಪಕ್ಕದಲ್ಲಿ ಹಳೇ ಹೆಸರು ಮ್ಯಾಗ್ನಾಪೋರ್ತೆ ಒರೈಜೆ ಅಂತ ಹಾಕು. ಪೇಪರ್ ಹುಡುಕುವಾಗ ಮಾತ್ರ ಗ್ರಿಸಿಯಾ ಸೇರಿಸಿ ಎಲ್ಲಾ ಹೆಸರಲ್ಲೂ ಹುಡುಕು, ಇಲ್ಲಾಂದ್ರೆ ಅರ್ಧಕ್ಕರ್ಧ ಕೆಲಸ ಕಣ್ಣಿಗೇ ಬೀಳಲ್ಲ.