ಸಹಾಯ ಬೇಕು: ಪೌರತ್ವ ತರಗತಿಗೆ ಕನ್ನಡ ಬಲ್ಲವರು

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿ ವಲಸಿಗರಿಗೆ ನೆರವಾಗುವ ಚಿಕ್ಕ ಸಂಸ್ಥೆಯೊಂದರಲ್ಲಿ ಕಾರ್ಯಕ್ರಮಗಳ ಹೊಣೆ ನನ್ನದು. ಹೊಣೆ ಎಂದರೆ ಅನುದಾನದ ವರದಿ ಬರೆಯುವುದರಿಂದ ಹಿಡಿದು ಕುರ್ಚಿ ಜೋಡಿಸುವವರೆಗೆ ಎಲ್ಲವೂ. ಶನಿವಾರದ ಪೌರತ್ವ ತರಗತಿಗೆ ಸ್ಪ್ಯಾನಿಷ್, ಗುಜರಾತಿ ಬಲ್ಲ ಸ್ವಯಂಸೇವಕರಿದ್ದಾರೆ, ಕನ್ನಡಕ್ಕೆ ನಾನೊಬ್ಬಳೇ.

2025ರ ಅಕ್ಟೋಬರ್ 20ರಿಂದೀಚೆಗೆ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದವರು, ದೇಶದ ಇತಿಹಾಸ, ಸರ್ಕಾರದ ಬಗೆಗಿನ ಪರೀಕ್ಷೆಗೆ 100ರ ಬದಲು 128 ಪ್ರಶ್ನೆ ಓದಬೇಕು. ಕೇಳುವ 20ರಲ್ಲಿ 12 ಸರಿಯಾಗಬೇಕು. 55 ದಾಟಿ, 15 ವರ್ಷ ಗ್ರೀನ್ ಕಾರ್ಡ್ ಹೊಂದಿದ್ದವರಿಗೆ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿಯಿದೆ, ತಮ್ಮ ಭಾಷೆಯಲ್ಲೇ ಉತ್ತರಿಸಬಹುದು. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಹಿಂಜರಿದವರನ್ನು ಕಂಡು ಸಂಕಟವಾಗುತ್ತದೆ.

ಕಳೆದ ವಾರ ಹಾಸನದ ಕಡೆಯ ಅಜ್ಜಿಯೊಬ್ಬರು 'ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್' ಎಂದು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಂದಿದ್ದರು. "ನಮ್ಮ ಲೋಕಸಭೆಯ ಹಾಗೆ ಅಮ್ಮಾ" ಎಂದೆ, ಮುಖ ಅರಳಿತು. ಸೆನೆಟ್ ಎಂದರೆ ರಾಜ್ಯಸಭೆ ಎನ್ನಲು ಹೋಗಿ ನಾನೇ ಸಿಕ್ಕಿಬಿದ್ದೆ. ಇಲ್ಲಿ ದೊಡ್ಡ ರಾಜ್ಯಕ್ಕೂ ಎರಡೇ ಸ್ಥಾನ, ಚಿಕ್ಕದಕ್ಕೂ ಎರಡೇ!

ತಿಂಗಳಿಗೆ ಎರಡು ಶನಿವಾರ, ತಲಾ ಎರಡು ಗಂಟೆ ಕೊಡಬಲ್ಲವರು ಬೇಕು. ವೀಡಿಯೊ ಕರೆಯಾದರೂ ಸರಿ. ಪ್ರಶ್ನೆ ಕೇಳುತ್ತಾ ಅಭ್ಯಾಸ ಮಾಡಿಸಿದರೆ ಸಾಕು. ಅರ್ಜಿ, ಕಾನೂನು ಸಲಹೆಯ ಗೋಜು ನಿಮಗೆ ಬೇಡ, ಅದಕ್ಕೆ ವಕೀಲರಿದ್ದಾರೆ. ಪೌರತ್ವದ ಸಂದರ್ಶನಕ್ಕೆ ದುಭಾಷಿಯಾಗಿ ಹೋದ ಅನುಭವ ಯಾರಿಗಾದರೂ ಇದ್ದರೆ, 'ಚೆಕ್ಸ್ ಅಂಡ್ ಬ್ಯಾಲೆನ್ಸಸ್' (ಸರ್ಕಾರದ ಅಂಗಗಳು ಒಂದನ್ನೊಂದು ಹದ್ದಿನಲ್ಲಿಡುವ ಏರ್ಪಾಡು) ಅನ್ನು ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ ಹೇಗೆ ಹೇಳಿದಿರಿ? ದಯವಿಟ್ಟು ಕೆಳಗೆ ಬರೆಯಿರಿ.