ಉಡುಪಿ–ಕುಂದಾಪುರ ಸೈಕಲ್ ಸುತ್ತು: ಯಾವ ದಾರಿ, ಯಾವ ದಿಕ್ಕು?

ಕೇಳಿದ್ದು: ನಾವು ಮೂವರು, ಬೆಂಗಳೂರಿನವರು, ಎಲ್ಲರಿಗೂ ನಲವತ್ತು ದಾಟಿದೆ. ಭಾನುವಾರ ನಂದಿ ಬೆಟ್ಟದ ಬುಡದವರೆಗೆ ಹೋಗಿಬರುವ ಅಭ್ಯಾಸ ಇದೆ, ರೇಸ್‌ನವರಲ್ಲ. ಡಿಸೆಂಬರ್‌ನಲ್ಲಿ ಉಡುಪಿಯಿಂದ ಹೊರಟು ಬಾರ್ಕೂರು, ಬಸ್ರೂರು, ಕುಂದಾಪುರ ನೋಡಿ ಉಡುಪಿಗೇ ವಾಪಸ್ ಬರಬೇಕು. ಹೆದ್ದಾರಿ ಆದಷ್ಟು ಬೇಡ. ಇಬ್ಬರದು ಹೈಬ್ರಿಡ್, ಒಬ್ಬರದು ರೋಡ್ ಬೈಕ್. ಹೋಗಿಬಂದವರು ಹೇಳ್ತೀರಾ?

ಉಡುಪಿಯಿಂದ ಒಬ್ಬರು: ಕರಾವಳಿಯಲ್ಲಿ ಕಿಲೋಮೀಟರ್ ನೋಡಿ ದಾರಿ ಹಾಕಬೇಡಿ, ಹೊಳೆ ನೋಡಿ ಹಾಕಿ. ಮ್ಯಾಪಿನಲ್ಲಿ ಕಡಲ ಬದಿಗೇ ಒಂದು ಸಪೂರ ಗೆರೆ ಕಾಣುತ್ತದೆ, ಇದೇ ಸಾಕಲ್ವಾ ಅನ್ನಿಸುತ್ತದೆ. ಆದರೆ ಆ ಗೆರೆ ಅಳಿವೆಯ (ಹೊಳೆ ಕಡಲು ಸೇರುವ ಜಾಗ) ಹತ್ತಿರ ನಿಂತುಬಿಡುತ್ತದೆ. ದೊಡ್ಡ ಸೇತುವೆಗಳು ಇರುವುದು ಒಳಗೆ, ಹೆಚ್ಚಾಗಿ ಹೆದ್ದಾರಿ 66ರಲ್ಲಿ.

ನೀವು ಹೇಳಿದ ಹಳೇ ಊರುಗಳೂ ಕಡಲ ದಂಡೆಯಲ್ಲಿಲ್ಲ. ಬಾರ್ಕೂರು ಸೀತಾ ನದಿಯ ಬದಿಗೆ, ಬಸ್ರೂರು ವಾರಾಹಿಯ ಬದಿಗೆ. ಹಾಯಿ ಹಡಗಿನ ಕಾಲದಲ್ಲಿ ಸರಕು ಅಳಿವೆಯಿಂದ ಹೊಳೆಯೊಳಗೆ ಬಂದು ಇಳಿಯುತ್ತಿತ್ತು. ಹಾಗಾಗಿ ಸುತ್ತು ತಾನಾಗಿಯೇ ಬೀಳುತ್ತದೆ: ಹೋಗುವಾಗ ಕಡಲ ದಾರಿ, ಬರುವಾಗ ಒಳದಾರಿ. ಉಲ್ಟಾ ಮಾಡಬೇಡಿ. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ, ಅದೂ ಮೆಲ್ಲಗೆ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಏಳುತ್ತದೆ, ಹೆಚ್ಚಾಗಿ ವಾಯವ್ಯದಿಂದ. ಆಗ ನೀವು ದಕ್ಷಿಣಕ್ಕೆ ಮುಖ ಮಾಡಿರಬೇಕು, ಗಾಳಿ ಬೆನ್ನಿಗಿರುತ್ತದೆ. ಒಳದಾರಿಯಲ್ಲಿ ನೆರಳೂ ಜಾಸ್ತಿ.

ದಾರಿ ಹೀಗೆ: ಉಡುಪಿ, ಮಲ್ಪೆ, ಅಲ್ಲಿಂದ ಬೀಚ್ ಬದಿಯ ರಸ್ತೆಯಲ್ಲಿ ಹೂಡೆ, ಕೋಡಿಬೆಂಗ್ರೆ. ಕೊನೆಯ ತುಂಡು ಎಷ್ಟು ಸಪೂರವೆಂದರೆ ಎಡಕ್ಕೆ ಕಡಲು, ಬಲಕ್ಕೆ ಸ್ವರ್ಣಾ ನದಿ, ನಡುವೆ ರಸ್ತೆ, ತೆಂಗು, ಮನೆಗಳು. ಬೆಳಿಗ್ಗೆ ಮೀನಿನ ಬಲೆಗಳನ್ನು ರಸ್ತೆ ಬದಿಗೇ ಹರಡಿ ರಿಪೇರಿ ಮಾಡುತ್ತಿರುತ್ತಾರೆ. ಬಲೆಯ ಮೇಲೆ ಚಕ್ರ ಹತ್ತಿಸಬೇಡಿ, ಇಳಿದು ತಳ್ಳಿಕೊಂಡು ಹೋಗಿ. ತುದಿಯಲ್ಲಿ ರಸ್ತೆ ಮುಗಿಯುತ್ತದೆ. ಅಲ್ಲಿಂದ ಅಳಿವೆ ದಾಟಿ ಹಂಗಾರಕಟ್ಟೆಗೆ ದೋಣಿ. ಸೈಕಲ್ ಹತ್ತಿಸಿಕೊಳ್ಳುತ್ತಾರಾ, ಅವತ್ತು ಇದೆಯಾ ಅಂತ ಹಿಂದಿನ ದಿನವೇ ವಿಚಾರಿಸಿ. ಇಲ್ಲವೆಂದರೆ ಕೆಮ್ಮಣ್ಣಿಗೆ ಹಿಂದೆ ಬಂದು ಸಂತೆಕಟ್ಟೆಯಲ್ಲಿ ಹೆದ್ದಾರಿ ಹತ್ತಬೇಕು. ಕಲ್ಯಾಣಪುರ ಸೇತುವೆ, ಬ್ರಹ್ಮಾವರ, ಮಾಬುಕಳ ಸೇತುವೆ, ಸಾಸ್ತಾನ. ಬೇಜಾರಿನ ದಾರಿ, ಆದರೆ ಬೇರೆ ಉಪಾಯ ಇಲ್ಲ.

ಹಂಗಾರಕಟ್ಟೆಯಿಂದ ಸಾಲಿಗ್ರಾಮ ಕಡೆಗೆ ಬಂದು ಮತ್ತೆ ಪಡುವಣಕ್ಕೆ ತಿರುಗಿ. ಕೋಟ ಪಡುಕರೆ, ಮಣೂರು ಪಡುಕರೆ, ಗೋಪಾಡಿ, ಬೀಜಾಡಿ, ಕುಂದಾಪುರ. ಎಲ್ಲ ಸೇರಿ ಸುತ್ತು ಸುಮಾರು 90 ಕಿ.ಮೀ. ಒಂದೇ ದಿನದಲ್ಲಿ ಆಗುತ್ತದೆ, ಆದರೆ ಊರು ನೋಡಲು ಆಗುವುದಿಲ್ಲ. ಕುಂದಾಪುರದಲ್ಲಿ ಒಂದು ರಾತ್ರಿ ಉಳಿಯಿರಿ.

ಕುಂದಾಪುರದವರು: ಹ್ವಾಯ್, ಮೇಲಿನವರು ಬಸ್ರೂರಿನ ಬಗ್ಗೆ ಏನೂ ಹೇಳಲಿಲ್ಲವಲ್ಲ! ಪೋರ್ಚುಗೀಸರು ಇದೇ ಊರನ್ನು ಬಾರ್ಸೆಲೂರು ಅನ್ನುತ್ತಿದ್ದರು. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಲೂಟಿ ಮಾಡಿದ್ದು ಇದನ್ನೇ. ಅಷ್ಟು ದುಡ್ಡಿನ ಊರು. ಈಗ ಹೋದರೆ ಸುಮ್ನೆ ಒಂದು ಹಳ್ಳಿ ಪೇಟೆ ಅನ್ನಿಸುತ್ತದೆ, ಹತ್ತು ನಿಮಿಷದಲ್ಲಿ ದಾಟಿ ಹೋಗಿಬಿಡುತ್ತೀರಿ. ಹಾಗೆ ಮಾಡಬೇಡಿ. ತುಳುವೇಶ್ವರ ಎಲ್ಲಿ ಅಂತ ಕೇಳಿ. ದೇವಸ್ಥಾನಕ್ಕೆ ಮಾಡು (ಚಾವಣಿ) ಇಲ್ಲ. ಮರದ ಬೇರುಗಳು ಗೋಡೆಯನ್ನು ಹಿಡಿದುಕೊಂಡಿವೆ, ಯಾವುದು ಕಲ್ಲು ಯಾವುದು ಬೇರು ಅಂತ ಕೈಯಿಟ್ಟು ನೋಡಬೇಕು. ಒಳಗೆ ಲಿಂಗ ಇದೆ, ಪೂಜೆಯೂ ನಡೆಯುತ್ತದೆ. ಕ್ಲೀಟ್ ಶೂ (ಪೆಡಲ್‌ಗೆ ಸಿಕ್ಕಿಸುವ ಸೈಕಲ್ ಶೂ) ಹಾಕಿದವರು ಹೊರಗೇ ಬಿಚ್ಚಿ. ಮಹಾಲಿಂಗೇಶ್ವರ ದೇವಸ್ಥಾನವನ್ನೂ ನೋಡಿ.

ಕುಂದಾಪುರಕ್ಕೆ ಬೆಳಿಗ್ಗೆಯೇ ಮುಟ್ಟಿದರೆ ಮಧ್ಯಾಹ್ನ ಕೋಳಿ ಸಾರು, ಸಂಜೆ ಕೋಡಿ ಬೀಚ್. ತಿಂಡಿಗೆ ಬನ್ಸ್, ಗೋಳಿಬಜೆ ಎಲ್ಲಾ ಕಡೆ ಸಿಗುತ್ತದೆ. ಆದರೆ ಬನ್ಸ್ ತಿಂದು ತಕ್ಷಣ ಸೈಕಲ್ ಹತ್ತಬೇಡಿ, ಅದು ಹೊಟ್ಟೆಯಲ್ಲಿ ಕೂತುಬಿಡುತ್ತದೆ. ನೀರುದೋಸೆ ಸರಿ.

ಇನ್ನೊಂದು ವಿಷಯ. ಕೋಟೇಶ್ವರದ ಕೊಡಿ ಹಬ್ಬ, ಅಂದರೆ ಅಲ್ಲಿನ ದೇವಸ್ಥಾನದ ತೇರು, ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುತ್ತದೆ. ಆ ದಿನ ಕೋಟೇಶ್ವರದಲ್ಲಿ ಸೈಕಲ್ ತಳ್ಳಲೂ ಜಾಗ ಇರುವುದಿಲ್ಲ. ಹಬ್ಬ ನೋಡಬೇಕೆಂದರೆ ಅದೇ ದಿನ ಬನ್ನಿ, ಸೈಕಲ್ ಓಡಿಸಬೇಕೆಂದರೆ ಬೇರೆ ದಿನ.

ಕೇಳಿದವರು: ತುಂಬಾ ಥ್ಯಾಂಕ್ಸ್. ಬಸ್ರೂರಿನಿಂದ ಬಾರ್ಕೂರಿಗೆ ಒಳದಾರಿ ಏರು ಜಾಸ್ತಿನಾ? ಮರವಂತೆಯನ್ನೂ ಸೇರಿಸಬಹುದಾ?

ಉಡುಪಿಯವರೇ: ನಂದಿ ಬೆಟ್ಟದ ತರಹದ ಏರು ಯಾವುದೂ ಇಲ್ಲ. ಆದರೆ ಸಪಾಟೂ ಅಲ್ಲ. ಬಸ್ರೂರು, ಹುಣ್ಸೆಮಕ್ಕಿ, ಬಿದ್ಕಲ್‌ಕಟ್ಟೆ, ಸಾಯ್ಬ್ರಕಟ್ಟೆ, ಬಾರ್ಕೂರು. ಗದ್ದೆ ಬೈಲು ದಾಟಿದರೆ ಏರು, ಏರು ಹತ್ತಿದರೆ ಹಾಡಿ (ಕುರುಚಲು ಕಾಡು), ಮತ್ತೆ ಇಳಿದರೆ ಇನ್ನೊಂದು ಬೈಲು. ಪ್ರತಿ ಏರೂ ಚಿಕ್ಕದು, ಆದರೆ ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಚಳಿಗಾಲದಲ್ಲೂ ಸೆಕೆ ಇರುವುದರಿಂದ ಬೆವರು ಆರುವುದಿಲ್ಲ, ನಿಮ್ಮ ಬೆಂಗಳೂರಿನ 60 ಕಿ.ಮೀ. ಇಲ್ಲಿ 80 ಅಂದುಕೊಳ್ಳಿ. ಬೊಂಡ (ಎಳನೀರು) ಕಂಡಲ್ಲಿ ಕುಡಿಯಿರಿ. ಇಳಿಜಾರಿನಲ್ಲಿ ಬಣ್ಣ ಹೊಡೆಯದ ಹಂಪ್ ಇರುತ್ತವೆ, ಮರದ ನೆರಳಿನಲ್ಲಿ ಕಾಣುವುದೇ ಇಲ್ಲ. ರೋಡ್ ಬೈಕಿನವರಿಗೆ 28 ಎಂ.ಎಂ. ಟೈರ್ ಹಿಡಿಸಿದರೆ ಹಾಕಿಸಿ.

ಬಾರ್ಕೂರಿನಲ್ಲಿ ಎರಡು ಗಂಟೆ ಇಟ್ಟುಕೊಳ್ಳಿ. ತುಳುನಾಡನ್ನು ಆಳಿದ ಆಳುಪರ ರಾಜಧಾನಿ, ಆಮೇಲೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರ. 14ನೇ ಶತಮಾನದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತಾ ಇಲ್ಲಿಗೆ ಬಂದು ಫಾಕನೂರ್ ಅಂತ ಬರೆದ. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನ ಇದ್ದವು ಅಂತ ಊರವರು ಹೇಳುತ್ತಾರೆ. ಊರು ಕೇರಿ ಕೇರಿಯಾಗಿ ಹರಡಿದೆ: ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ. ನಡೆದು ನೋಡಲು ದೂರ, ಕಾರಿಗೆ ಇಕ್ಕಟ್ಟು. ಸೈಕಲ್ಲಿಗೇ ಹೇಳಿಮಾಡಿಸಿದ ಊರು. ಎಲ್ಲಾ ಬೇಡ, ಕತ್ತಲೆ ಬಸದಿ ಮತ್ತು ಪಂಚಲಿಂಗೇಶ್ವರ ಸಾಕು. ಬಸದಿಯ ಮಾಡು ನೋಡಿ, ಇಲ್ಲಿನ ಮಳೆಗೆ ಬೇಕಾದ ಹಾಗೆ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಕೂರಿಸಿದ್ದಾರೆ.

ಮರವಂತೆ ಬೇಡ ಅಂತ ನನ್ನ ಅಭಿಪ್ರಾಯ. ಹೋಗಿಬರುವ ಅಷ್ಟೂ ದಾರಿ ಹೆದ್ದಾರಿಯೇ. ಮೀನಿನ ಲಾರಿ ಉಪ್ಪುನೀರು ಸುರಿಸಿಕೊಂಡು ಹೋಗುತ್ತದೆ, ಎಕ್ಸ್‌ಪ್ರೆಸ್ ಬಸ್ಸಿನವರು ಹಾರ್ನ್ ಹೊಡೆದ ಮೇಲೆ ಜಾಗ ನಿಮ್ಮದಲ್ಲ.

ಕುಂದಾಪುರದವರು: ಇದನ್ನು ಒಪ್ಪುವುದಿಲ್ಲ ಮಾರಾಯ್ರೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ಅದನ್ನು ಬಿಟ್ಟು ಹೋಗುವುದಾ? ಎರಡನೇ ದಿನ ಬೆಳಕು ಹರಿಯುತ್ತಲೇ ಹೊರಟು ಎಂಟೂವರೆಯೊಳಗೆ ವಾಪಸ್ ಬಂದರೆ ಲಾರಿ ಕಡಿಮೆ. ಹಿಂದಿನ ಲೈಟ್ ಹಗಲಲ್ಲೂ ಉರಿಯಲಿ. ಆದರೆ ಅವತ್ತು ಉಡುಪಿ ಮುಟ್ಟುವಾಗ ಸಂಜೆಯಾಗುತ್ತದೆ, ಲೆಕ್ಕ ಹಾಕಿಕೊಳ್ಳಿ.

ಮಣಿಪಾಲದ ವಿದ್ಯಾರ್ಥಿನಿ: ಬಾರ್ಕೂರಿನಿಂದ ಉಡುಪಿಗೆ ಪೂರ್ತಿ ಹೆದ್ದಾರಿ ಬೇಕಿಲ್ಲ. ಬ್ರಹ್ಮಾವರ ದಾಟಿ ಉಪ್ಪೂರಿನಲ್ಲಿ ಎಡಕ್ಕೆ ತಿರುಗಿ ಕೊಳಲಗಿರಿ, ಶೀಂಬ್ರ ಸೇತುವೆ, ಪೆರಂಪಳ್ಳಿ. ಸ್ವಲ್ಪ ಸುತ್ತು, ಕೊನೆಗೆ ಏರು, ಆದರೆ ಸಂಜೆ ಸ್ವರ್ಣಾ ನದಿ ಮೇಲೆ ಆರಾಮಾಗಿ ದಾಟಬಹುದು. ಮಳೆಗಾಲ ಮುಗಿದ ಮೇಲೂ ಪಡುಕರೆ ರಸ್ತೆಯ ಕೆಲವು ಕಡೆ ಕಡಲ್ಕೊರೆತದಿಂದ ಹಾಳಾಗಿರುತ್ತದೆ, ಊರವರನ್ನು ಕೇಳಿಕೊಂಡೇ ಹೋಗಿ.

ಇನ್ನೊಬ್ಬರು: ಯಾರಿಗಾದರೂ ಸುಸ್ತಾದರೆ ಅಥವಾ ಸೈಕಲ್ ಕೈಕೊಟ್ಟರೆ ಹೆದರಬೇಡಿ. ಕೊಂಕಣ ರೈಲ್ವೆಯ ಕುಂದಾಪುರ ಸ್ಟೇಷನ್ ಊರೊಳಗಿಲ್ಲ, ಮೂಡ್ಲಕಟ್ಟೆಯಲ್ಲಿದೆ. ನಿಮಗೆ ಅದು ಒಳ್ಳೆಯದೇ, ಬಸ್ರೂರಿಗೆ ಹತ್ತಿರ. ಬಾರ್ಕೂರಿಗೂ ಸ್ಟೇಷನ್ ಇದೆ, ಆದರೆ ಎಲ್ಲಾ ಗಾಡಿ ನಿಲ್ಲುವುದಿಲ್ಲ, ಟೈಂ ನೋಡಿಟ್ಟುಕೊಳ್ಳಿ. ಬೆಂಗಳೂರಿನಿಂದ ಸೈಕಲ್ ರೈಲಿನಲ್ಲಿ ತರುವುದಾದರೆ ಪಾರ್ಸೆಲ್ ಆಫೀಸಿಗೆ ಬೇಗ ಹೋಗಿ, ಪೆಡಲ್ ಬಿಚ್ಚಿ, ಡಿರೈಲರ್ (ಗೇರ್ ಬದಲಿಸುವ ಭಾಗ) ಇರುವ ಬದಿಗೆ ರಟ್ಟು ಕಟ್ಟಿ. ವಾಪಸ್ ಹೋದ ಮೇಲೆ ಚೈನನ್ನು ಅವತ್ತೇ ಒರೆಸಿ ಎಣ್ಣೆ ಹಾಕಿ, ಕಡಲ ಉಪ್ಪಿಗೆ ಒಂದೇ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಡಿಸೆಂಬರ್ ತಪ್ಪಿ ಜನವರಿಗೆ ಹೋದರೆ ಪರ್ಯಾಯದ (ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ) ವರ್ಷವಾ ಅಂತ ನೋಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಆಸುಪಾಸಿಗೆ ಉಡುಪಿಯಲ್ಲಿ ರೂಮ್ ಸಿಗುವುದು ಕಷ್ಟ.